ಕ್ಯಾಲೆಂಡುಲ: ತಂಪಿನಲ್ಲಿ ಬಿತ್ತಿ, ಹೂ ಕೀಳುತ್ತಲೇ ಇರಿ

ಹೂಗಿಡ ಬೆಳೆಸಲು ಹೊಸದಾಗಿ ಹೊರಟವರು ಯಾವ ಬೀಜದಿಂದ ಶುರು ಮಾಡಲಿ ಎಂದು ಕೇಳಿದರೆ ನನ್ನ ಉತ್ತರ ಕ್ಯಾಲೆಂಡುಲ. ಬೀಜ ದಪ್ಪಗಿರುವುದರಿಂದ ಬೆರಳಲ್ಲಿ ಹಿಡಿದು ಒಂದೊಂದಾಗಿ ಊರಬಹುದು. ಬಿತ್ತಿದ ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತದೆ, ಸುಮಾರು ಎರಡು ತಿಂಗಳಲ್ಲಿ ಮೊದಲ ಹೂ ಅರಳುತ್ತದೆ. ಇಷ್ಟು ಸುಲಭದ ಗಿಡವೂ ಕೈಕೊಟ್ಟಿತು ಎನ್ನುವವರಿದ್ದಾರೆ. ವಿಚಾರಿಸಿ ನೋಡಿದರೆ ಬಹುಪಾಲು ಎರಡೇ ಕಾರಣ: ಬಿಸಿಲು ಏರುವ ಹೊತ್ತಿಗೆ ಬಿತ್ತಿರುತ್ತಾರೆ, ಇಲ್ಲವೇ ಅರಳಿದ ಹೂವನ್ನು ಕೀಳಲು ಮನಸ್ಸು ಬಾರದೆ ಗಿಡದಲ್ಲೇ ಬಿಟ್ಟಿರುತ್ತಾರೆ.

ಬೀಜ ಕೊಳ್ಳುವಾಗ ಒಂದು ಎಚ್ಚರ. ಚೆಂಡುಹೂವು ಮತ್ತು ಕ್ಯಾಲೆಂಡುಲ ಎರಡೂ ಸೂರ್ಯಕಾಂತಿಯ ಕುಟುಂಬಕ್ಕೇ ಸೇರಿದರೂ ಬೇರೆ ಬೇರೆ ಗಿಡಗಳು. ಚೆಂಡುಹೂವಿನ ಎಲೆ ಗರಿಯಂತೆ ಸೀಳಿರುತ್ತದೆ, ವಾಸನೆ ಕಟು. ಕ್ಯಾಲೆಂಡುಲದ ಎಲೆ ಸೀಳಿಲ್ಲದೆ ಉದ್ದಕ್ಕಿದ್ದು, ಮುಟ್ಟಿದರೆ ಸಣ್ಣ ರೋಮಗಳೂ ಅಂಟೂ ಕೈಗೆ ತಾಗುತ್ತವೆ. ಬೀಜದಲ್ಲಂತೂ ಗೊಂದಲವೇ ಇಲ್ಲ. ಚೆಂಡುಹೂವಿನದು ನೆಟ್ಟಗಿನ ಕಪ್ಪು ಕಡ್ಡಿ. ಕ್ಯಾಲೆಂಡುಲದ್ದು ಮುದುಡಿಕೊಂಡ ಒಣ ಹುಳುವಿನ ಹಾಗೆ ಬಾಗಿ, ಬೆನ್ನ ಮೇಲೆ ಮುಳ್ಳುಮುಳ್ಳಾಗಿರುತ್ತದೆ. ಒಂದೇ ಹೂವಿನೊಳಗೆ ಕೊಕ್ಕೆಯಾಕಾರ, ದೋಣಿಯಾಕಾರ ಎಂದು ಬೇರೆ ಬೇರೆ ರೂಪದ ಬೀಜಗಳು ಸಿಗುವುದು ಸಹಜ. ಕಲಬೆರಕೆ ಎಂದು ಎಸೆಯಬೇಡಿ.

ಬಿತ್ತುವ ಕಾಲ

ಮಣ್ಣು, ಗೊಬ್ಬರ, ಕುಂಡ ಎಲ್ಲಕ್ಕಿಂತ ಮೊದಲು ಲೆಕ್ಕ ಹಾಕಬೇಕಾದ್ದು ಕಾಲವನ್ನು. ಇದು ತಂಪು ಬಯಸುವ ಗಿಡ. ಮಣ್ಣು 15ರಿಂದ 21 ಡಿಗ್ರಿ ಸೆಲ್ಸಿಯಸ್ ಇದ್ದಾಗ ಬೀಜ ಚೆನ್ನಾಗಿ ಮೊಳೆಯುತ್ತದೆ. ಹಗಲಿನ ತಾಪ 30 ಡಿಗ್ರಿಯ ಆಸುಪಾಸಿಗೆ ಬಂದು ನಿಂತರೆ ಹೂ ಚಿಕ್ಕದಾಗುತ್ತ, ಕೊನೆಗೆ ನಿಂತೇಹೋಗುತ್ತದೆ. ಲಘುವಾದ ಹಿಮವನ್ನಾದರೂ ತಡೆದೀತು, ಸುಡುಬಿಸಿಲನ್ನಲ್ಲ. ಆದ್ದರಿಂದ ಬೇಸಿಗೆ ಬಲವಾಗಿರುವ ಕಡೆ ಮಳೆ ಹಿಂದೆ ಸರಿದು ರಾತ್ರಿಗಳು ತಣ್ಣಗಾಗುವಾಗ ಬಿತ್ತಬೇಕು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಕಡೆಯವರು ಹಿಮ ಕರಗಿದ ಮೇಲೆ ಬಿತ್ತಬೇಕು. ಇನ್ನೂ ಸುಲಭದ ದಾರಿಯೊಂದಿದೆ: ನಿಮ್ಮಲ್ಲಿ ಸೆಕೆ ಯಾವ ತಿಂಗಳು ಶುರುವಾಗುತ್ತದೋ ಅಲ್ಲಿಂದ ನಾಲ್ಕು ತಿಂಗಳು ಹಿಂದಕ್ಕೆ ಎಣಿಸಿ. ಎರಡು ತಿಂಗಳು ಬೆಳೆಯಲು, ಎರಡು ತಿಂಗಳು ಹೂವಿಗೆ.

ಎಲ್ಲ ಬೀಜವನ್ನೂ ಒಂದೇ ದಿನ ಮುಗಿಸದೆ, ಮೂರು ವಾರ ಬಿಟ್ಟು ಇನ್ನೊಂದು ಕಂತು ಬಿತ್ತಿದರೆ ಹೂವಿನ ಕಾಲ ಉದ್ದವಾಗುತ್ತದೆ.

ಮಣ್ಣು ಮತ್ತು ಕುಂಡ

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಒಳ್ಳೆಯದು. ಮಧ್ಯಾಹ್ನದ ಬಿಸಿಲು ಚುರುಕಾಗಿದ್ದರೆ ಆಗಷ್ಟು ನೆರಳು ಸಿಕ್ಕುವಂತಿರಲಿ. ಮಣ್ಣು ಫಲವತ್ತಾಗಿರಲೇಬೇಕೆಂದಿಲ್ಲ, ನೀರು ಮಾತ್ರ ನಿಲ್ಲಬಾರದು. ಕುಂಡವಾದರೆ 20ರಿಂದ 25 ಸೆಂಟಿಮೀಟರ್ ಆಳ, ತಳದಲ್ಲಿ ತೂತು. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಮಣ್ಣು ಜಿಗುಟಾಗಿದ್ದರೆ ಒಂದು ಪಾಲು ಮರಳು ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಇಷ್ಟು ಸಾಕು.

ನೆಲದಲ್ಲಿ ಬೆಳೆಸುವವರಿಗೆ ಎತ್ತರದ ತಳಿಯೂ ನಡೆಯುತ್ತದೆ. ‘ಪೆಸಿಫಿಕ್ ಬ್ಯೂಟಿ’ 45ರಿಂದ 60 ಸೆಂಟಿಮೀಟರ್ ಬೆಳೆದು ಉದ್ದ ತೊಟ್ಟಿನ ಹೂ ಕೊಡುತ್ತದೆ, ಹೂದಾನಿಗೆ ಹೇಳಿಮಾಡಿಸಿದ್ದು. ಕುಂಡಕ್ಕೆ ‘ಫಿಯೆಸ್ಟಾ ಗಿಟಾನಾ’ದಂಥ ಗಿಡ್ಡ ತಳಿ ಒಳ್ಳೆಯದು. ಒಣಗಿಸಿ, ಮೈಗೆ ಹಚ್ಚುವ ಎಣ್ಣೆಯಲ್ಲಿ ನೆನೆಸಲೆಂದೇ ಬೆಳೆಸುವವರು ‘ರೆಸಿನಾ’ ಹುಡುಕುತ್ತಾರೆ. ಅದರ ಹೂ ನೋಡಲು ಸಾಧಾರಣ, ಅಂಟು ಮಾತ್ರ ಧಾರಾಳ.

ಬಿತ್ತನೆಯಿಂದ ಕುಡಿ ಚಿವುಟುವವರೆಗೆ

ಬೀಜ ಮೊಳೆಯಲು ಕತ್ತಲೆ ಬೇಕು. ಮೇಲೆ ಚೆಲ್ಲಿ ನೀರು ಹಾಕಿದರೆ ಅರ್ಧಕ್ಕರ್ಧ ಹಾಗೇ ಉಳಿಯುತ್ತವೆ. ಒಂದು ಸೆಂಟಿಮೀಟರ್ ಆಳಕ್ಕೆ ಊರಿ, ಮಣ್ಣು ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿ. ನೀರನ್ನು ಚಿಮುಕಿಸಿ, ಸುರಿಯಬೇಡಿ. ಮೊಳಕೆ ಏಳುವವರೆಗೂ ಮೇಲ್ಮಣ್ಣು ಒಣಗದಿರಲಿ. ಬೇರು ಕದಲಿದರೆ ಸಸಿ ಕೆಲವು ದಿನ ಸೊರಗುವುದರಿಂದ ಗಿಡ ಇರಬೇಕಾದ ಜಾಗದಲ್ಲೇ ನೇರವಾಗಿ ಬಿತ್ತುವುದೇ ನನಗೆ ಸರಿ ಕಾಣುತ್ತದೆ. ಟ್ರೇಯಲ್ಲಿ ಎಬ್ಬಿಸಿದ್ದರೆ ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು ನಾಲ್ಕಾರು ನಿಜ ಎಲೆ ಬಂದಾಗ ಸಂಜೆ ಹೊತ್ತು, ಬೇರಿನ ಮಣ್ಣು ಉದುರದಂತೆ ಬದಲಿಸಿ.

ಸಸಿಗಳ ನಡುವೆ 20ರಿಂದ 30 ಸೆಂಟಿಮೀಟರ್ ಅಂತರ ಬೇಕು. ಒತ್ತಾಗಿ ಎದ್ದಿದ್ದರೆ ಬಡಕಲು ಸಸಿಗಳನ್ನು ತೆಗೆದುಹಾಕಿ. ಈ ಕೆಲಸಕ್ಕೆ ಎಲ್ಲರೂ ಹಿಂಜರಿಯುತ್ತಾರೆ, ಆಮೇಲೆ ಗಾಳಿಯಾಡದೆ ಎಲೆಗೆ ಬೂದಿರೋಗ ಬಂತೆಂದು ಕೊರಗುವವರೂ ಅವರೇ. ಗಿಡ 15 ಸೆಂಟಿಮೀಟರ್ ಎತ್ತರವಾದಾಗ ತುದಿಯ ಕುಡಿಯನ್ನು ಚಿವುಟಿ. ಮೊದಲ ಹೂ ಒಂದು ವಾರ ತಡವಾದೀತು, ಆದರೆ ಪಕ್ಕದ ಕವಲುಗಳೊಡೆದು ಗಿಡ ಪೊದೆಯಾಗುತ್ತದೆ.

ನೀರನ್ನು ಬುಡಕ್ಕೆ ಹಾಕಿ, ಎಲೆಯ ಮೇಲಲ್ಲ. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲೆ ಇನ್ನೊಮ್ಮೆ. ಗೊಬ್ಬರದ ವಿಷಯದಲ್ಲಿ ಜಿಪುಣರಾಗಿ. ಸಾರಜನಕ ಹೆಚ್ಚಾದರೆ ಎಲೆ ಹುಲುಸಾಗಿ ಬಂದು ಹೂ ಕಡಿಮೆಯಾಗುತ್ತದೆ. ಕುಂಡದ ಗಿಡಕ್ಕೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಕೊಟ್ಟರೆ ಆಯಿತು.

ಕೀಳುವುದೇ ಆರೈಕೆ

ಕ್ಯಾಲೆಂಡುಲ ಸಾಮಾನ್ಯವಾಗಿ ಒಂದೇ ಋತುವಿನಲ್ಲಿ ಬಾಳು ಮುಗಿಸುವ ಗಿಡ. ಬೀಜ ಕಟ್ಟಿತೆಂದರೆ ಅದರ ಕೆಲಸ ಮುಗಿದಂತೆ. ಬಾಡಿದ ಹೂ ಗಿಡದಲ್ಲೇ ಉಳಿದರೆ ಶಕ್ತಿಯೆಲ್ಲ ಬೀಜದ ಕಡೆಗೆ ಹೋಗಿ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಬೀಜವಾಗಲು ಬಿಡದೆ ಕೀಳುತ್ತಿದ್ದರೆ ಮತ್ತೆ ಮತ್ತೆ ಮೊಗ್ಗು ಬಿಡುತ್ತದೆ. ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ಕತ್ತರಿ ಹಿಡಿದು ಗಿಡದ ಸುತ್ತ ಬರುವುದು ಗೊಬ್ಬರಕ್ಕಿಂತ ಮುಖ್ಯ. ಹೂವಿನ ತಲೆಯನ್ನಷ್ಟೇ ಚಿವುಟಿ ಬೋಳು ತೊಟ್ಟು ಉಳಿಸಬೇಡಿ. ಕೆಳಗೆ ಎಲೆ ಇರುವ ಕಡೆ, ಅದಕ್ಕಿಂತ ತುಸು ಮೇಲೆ ಕತ್ತರಿಸಿ. ಆ ಎಲೆಯ ಕಂಕುಳಿನಿಂದಲೇ ಮುಂದಿನ ಕವಲು ಬರುತ್ತದೆ.

ಈ ಹೂ ರಾತ್ರಿ ಮುಚ್ಚಿಕೊಂಡು ಬೆಳಕಾದ ಮೇಲೆ ತೆರೆಯುತ್ತದೆ. ಹಾಗಾಗಿ ಒಣಗಿಸಲು ಬೇಕಾದ ಹೂವನ್ನು ಇಬ್ಬನಿ ಆರಿ, ಪೂರ್ತಿ ಅರಳಿದ ಮೇಲೆ, ಬಿಸಿಲು ಜೋರಾಗುವ ಮುನ್ನ ಕೀಳಬೇಕು. ಬೆರಳಿಗೆ ಅಂಟು ಮೆತ್ತಿದರೆ ಹೂ ಚೆನ್ನಾಗಿದೆ ಎಂದರ್ಥ. ಅಂಟು ಹೆಚ್ಚಾಗಿರುವುದು ಹೂವಿನ ಹಸಿರು ಬುಡದಲ್ಲಿ. ಎಣ್ಣೆಗೆ ಇಡೀ ಹೂ ಒಣಗಿಸುವುದು, ಅಡುಗೆಗೆ ಎಸಳು ಮಾತ್ರ ಬಿಡಿಸಿಕೊಳ್ಳುವುದು ಇದೇ ಕಾರಣಕ್ಕೆ, ಬುಡ ಕಹಿ.

ಗಾಳಿಯಾಡುವ ನೆರಳಿನಲ್ಲಿ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಎಸಳು ಬೇಗ ಗರಿಗರಿಯಾಗಿ ಮೋಸ ಮಾಡುತ್ತದೆ, ಬುಡ ಮಾತ್ರ ಒಳಗೆ ಹಸಿಯಾಗೇ ಇರುತ್ತದೆ. ಒಂದು ಹೂವನ್ನು ಮುರಿದು ನೋಡಿ, ನಡುವೆ ಮೆತ್ತಗಿದ್ದರೆ ಇನ್ನೂ ಕೆಲವು ದಿನ ಬಿಡಿ. ತೇವ ಉಳಿದ ಹೂವನ್ನು ಡಬ್ಬಿಗೆ ಹಾಕಿದರೂ ಎಣ್ಣೆಗೆ ಹಾಕಿದರೂ ಬೂಷ್ಟು ಖಂಡಿತ. ಚೆಂಡುಹೂವು, ಸೇವಂತಿಗೆ, ಕ್ಯಾಮೊಮೈಲ್ ಮುಟ್ಟಿದರೆ ಅಲರ್ಜಿಯಾಗುವವರಿಗೆ ಇದೂ ಆಗಬಹುದು. ಹೂ ನೆನೆಸಿದ ಎಣ್ಣೆಯನ್ನು ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಹೊಟ್ಟೆಗೆ ತೆಗೆದುಕೊಳ್ಳಬಾರದು.

ಕೀಟ, ರೋಗ

ಗಿಡಹೇನು ಬಂದೇ ಬರುತ್ತದೆ, ಮೊಗ್ಗಿನ ಕೆಳಗೆ ಮುತ್ತಿಕೊಳ್ಳುತ್ತದೆ. ಹೇನಿಗೆ ಈ ಗಿಡ ಅಷ್ಟು ಇಷ್ಟವಾದ್ದರಿಂದಲೇ ಅದು ತರಕಾರಿ ಬಿಟ್ಟು ಇತ್ತ ಬರಲಿ ಎಂದು ಕೆಲವರು ಇದನ್ನು ತರಕಾರಿ ಪಾತಿಯ ಅಂಚಿಗೆ ಬೇಕೆಂದೇ ನೆಡುತ್ತಾರೆ. ಹೇನಿನ ಹಿಂದೆ ಅದನ್ನು ತಿನ್ನುವ ಗುಲಗಂಜಿ ಹುಳುಗಳು ಬರುತ್ತವೆ, ಅವಕ್ಕೆ ಕೆಲಸ ಮಾಡಲು ಬಿಡಿ. ವಿಪರೀತವಾದರೆ ನೀರನ್ನು ರಭಸದಿಂದ ಹಾಯಿಸಿ ತೊಳೆಯಿರಿ. ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ ಒಂದು ಚಮಚ ಮೃದು ಸೋಪು ಬೆರೆಸಿ, ಜೇನುನೊಣ ಹಾರಾಡದ ಸಂಜೆ ಹೊತ್ತಿನಲ್ಲಿ ಸಿಂಪಡಿಸಿ. ತಿನ್ನಲೆಂದು ಬೆಳೆಸಿದ ಹೂವಿಗೆ ರಾಸಾಯನಿಕ ಕೀಟನಾಶಕ ಹೊಡೆಯಲೇಬಾರದು. ಎಲೆಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿರೋಗ. ಆ ಎಲೆಗಳನ್ನು ಕಿತ್ತು ದೂರ ಹಾಕಿ, ಗಿಡದೊಳಗೆ ಗಾಳಿ ಹೋಗುವಂತೆ ಬಿಡಿಸಿ. ಎಲೆಯನ್ನು ಒಳಗೊಳಗೇ ಕೊರೆಯುವ ರಂಗೋಲಿ ಹುಳುವಿನ ಗೀರು ಕಂಡರೆ ಆ ಎಲೆ ತೆಗೆದರೆ ಮುಗಿಯಿತು.

ಬೀಜ ಎತ್ತಿಡುವುದು

ಋತುವಿನ ಕೊನೆಯಲ್ಲಿ, ಹೂ ಚಿಕ್ಕದಾಗತೊಡಗಿದಾಗ ಕೀಳುವುದನ್ನು ನಿಲ್ಲಿಸಿ. ಒಳ್ಳೆಯ ಬಣ್ಣದ, ರೋಗವಿಲ್ಲದ ಗಿಡದಲ್ಲಿ ನಾಲ್ಕೈದು ಹೂ ಬೀಜವಾಗಲಿ. ಹಸಿರು ಬೀಜದ ಗೊಂಚಲು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುವಂತಾದಾಗ ಬಿಡಿಸಿ, ಒಂದು ವಾರ ನೆರಳಿನಲ್ಲಿ ಆರಿಸಿ, ಕಾಗದದ ಲಕೋಟೆಯಲ್ಲಿ ತಳಿ ಮತ್ತು ತಾರೀಖು ಬರೆದಿಡಿ. ತಂಪಾಗಿ, ಒಣದಾಗಿಟ್ಟರೆ ಕೆಲವು ವರ್ಷ ಮೊಳೆಯುವ ಶಕ್ತಿ ಉಳಿಯುತ್ತದೆ. ಎರಡು ತಳಿ ಅಕ್ಕಪಕ್ಕ ಬೆಳೆದಿದ್ದರೆ ಮರಿಗಳ ಬಣ್ಣ ಬೆರೆತು ಬರಬಹುದು. ಒಂದೇ ಬಣ್ಣ ಬೇಕೆಂದು ಹಟವಿರುವವರು ಒಂದೇ ತಳಿ ಬೆಳೆಸಲಿ. ನೆಲಕ್ಕೆ ಉದುರಿದ ಬೀಜಗಳೂ ಸುಮ್ಮನಿರುವುದಿಲ್ಲ. ಮುಂದಿನ ತಂಪಿಗೆ ಪಾತಿಯ ಅಂಚಿನಲ್ಲಿ, ದಾರಿಯ ನಡುವೆ, ಪಕ್ಕದ ಕುಂಡದಲ್ಲಿ ತಾವಾಗಿಯೇ ಏಳುತ್ತವೆ. ಅವನ್ನು ಎಳೆಯದಾಗಿದ್ದಾಗಲೇ ಮಣ್ಣಿನ ಹೆಂಟೆಯ ಸಮೇತ ಎತ್ತಿ ಬೇಕಾದ ಕಡೆ ನೆಡಿ.