ಮರೆಯುವ ಹಟ ಬಿಟ್ಟ ಮೇಲೆ

ನಾಲ್ಕು ವರ್ಷಗಳ ಸಂಬಂಧ ಮುರಿದುಬಿದ್ದ ರಾತ್ರಿ ನಾನು ಮೊದಲು ಮಾಡಿದ್ದು ಮೊಬೈಲಿನಿಂದ ಅವನ ನಂಬರನ್ನು ಅಳಿಸಿಹಾಕುವ ಕೆಲಸ. ಆ ಹತ್ತು ಅಂಕಿಗಳು ನನಗೆ ಬಾಯಿಪಾಠವಾಗಿವೆಯೆಂಬುದು ಅಳಿಸಿದ ಮೇಲಷ್ಟೇ ಹೊಳೆಯಿತು. ನಂತರದ ತಿಂಗಳುಗಳನ್ನು, ಅವನ ನೆನಪು ಬಂದಾಗಲೆಲ್ಲ ನನ್ನನ್ನು ನಾನೇ ಗದರಿಕೊಳ್ಳುತ್ತ, ಮೈಸೂರಿನಲ್ಲಿ ನಾವಿಬ್ಬರೂ ಓಡಾಡಿದ್ದ ರಸ್ತೆಗಳನ್ನು ಬಿಟ್ಟು ಸುತ್ತುದಾರಿ ಹಿಡಿಯುತ್ತ ಕಳೆದೆ. ಔಷಧ ಕುಡಿಯುವಾಗ ಕೋತಿಯನ್ನು ನೆನೆಯಬಾರದೆಂಬ ಪಥ್ಯ ಪಡೆದ ರೋಗಿಯ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದರೂ ಆ ರೋಗಿ ನಾನೇ ಎಂದು ತಿಳಿಯಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಯ ಜಾಗದಲ್ಲಿ ಬಿಳಿ ಕರಡಿಯಿದೆ, ಅಷ್ಟೇ ವ್ಯತ್ಯಾಸ: ಅದನ್ನು ನೆನೆಯಬೇಡಿರೆಂದು ಹೇಳಿಸಿಕೊಂಡವರಿಗೂ ಅದು ಮತ್ತೆ ಮತ್ತೆ ನೆನಪಾಯಿತು, ಆಮೇಲೆ ನೆನೆಯಬಹುದೆಂದಾಗ, ಮೊದಲಿನಿಂದಲೂ ಅನುಮತಿಯಿದ್ದವರಿಗಿಂತ ಅವರೇ ಅದನ್ನು ಹೆಚ್ಚು ನೆನೆದರು.

ಹಾಗಾಗಿ ತಡೆಯುವುದನ್ನು ಬಿಟ್ಟು, ನೆನಪಿಗೊಂದು ಹೊತ್ತು ಗೊತ್ತುಮಾಡಿದೆ. ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ವಿದ್ಯಾರ್ಥಿಗಳಿಂದ ಅವರ ನೋವಿನ ಅನುಭವಗಳನ್ನು ಬರೆಸಿದ ಕ್ರಮದಂತೆ ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ, ಕಾಗುಣಿತವನ್ನೂ ಲೆಕ್ಕಿಸದೆ ಬರೆದೆ. ಮೊದಲೆರಡು ದಿನ ಬರೆದು ಮುಗಿಸಿದಾಗ ಮನಸ್ಸು ಇನ್ನಷ್ಟು ಕೆಟ್ಟಿತು. ಅತ್ತು ಕಣ್ಣು ಊದಿಸಿಕೊಂಡು ಊಟಕ್ಕೆ ಕುಳಿತಾಗ ಅಮ್ಮ ಏನೂ ಕೇಳದೆ ಬಿಸಿ ಸಾರು ಬಡಿಸಿದರು. ಮೂರನೆಯ ದಿನ, ನಾನು ಅಷ್ಟು ಕಾಲ ಜೋಪಾನ ಮಾಡಿದ್ದೆಲ್ಲ ಒಳ್ಳೆಯ ದಿನಗಳನ್ನೇ ಎಂಬುದು ಕಾಗದದ ಮೇಲೆ ಕಂಡಿತು. ಅಪ್ಪ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನಗಳಲ್ಲಿ ಅವನು ಒಮ್ಮೆಯೂ ಬಂದಿರಲಿಲ್ಲವೆಂಬ ಸಂಗತಿಯನ್ನು ನನ್ನ ನೆನಪು ಜಾಣತನದಿಂದ ಹಿಂದಕ್ಕೆ ಸರಿಸಿತ್ತು. ಅದನ್ನು ಬರೆದಾಗ ಸಿಟ್ಟು ಬಂತು. ಆ ಸಿಟ್ಟು ಅಳುವಿಗಿಂತ ಹಗುರವಾಗಿತ್ತು.

ಫೋನಿನ ಕಾಟ ಸುಲಭದಲ್ಲಿ ತೀರಿತು. ‘ಮೂರು ವರ್ಷಗಳ ಹಿಂದೆ ಇದೇ ದಿನ’ ಎಂದು ಬೆಳಗಾಗುತ್ತಲೇ ಚಿತ್ರ ತೋರಿಸುತ್ತಿದ್ದ ಗೂಗಲ್ ಫೋಟೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅವನ ಮುಖವನ್ನು ಮರೆಮಾಡಿದೆ. ಯಂತ್ರ ಹೇಳಿದ ಮಾತು ಕೇಳಿತು.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಮಾತ್ರ ಕೇಳಲಿಲ್ಲ. ಪ್ರತಿ ಭಾನುವಾರ ಅವನ ಜೊತೆ ಹತ್ತುತ್ತಿದ್ದ ಆ ಸಾವಿರ ಮೆಟ್ಟಿಲುಗಳತ್ತ ಎಂಟು ತಿಂಗಳು ಸುಳಿದಿರಲಿಲ್ಲ. ಕೊನೆಗೆ ಅಕ್ಕನ ಏಳು ವರ್ಷದ ಮಗಳನ್ನು ಕರೆದುಕೊಂಡು ಹೋದೆ. ಯಾರೋ ಹರಕೆ ಹೊತ್ತವರು ಅರಿಶಿನ ಕುಂಕುಮ ಹಚ್ಚಿದ್ದ ಮೆಟ್ಟಿಲುಗಳನ್ನು ಅವಳು ಗಟ್ಟಿಯಾಗಿ ಎಣಿಸುತ್ತ ನಡೆದಳು. ನಂದಿಯ ಬಳಿ ಬರುವಷ್ಟರಲ್ಲಿ ಲೆಕ್ಕ ತಪ್ಪಿತು. “ಚಿಕ್ಕಮ್ಮ, ನೀನು ನೀರು ಕುಡಿ ಅಂದಿದ್ದಕ್ಕೇ ತಪ್ಪಿದ್ದು, ಕೆಳಗಿಂದ ಮತ್ತೆ ಹತ್ತೋಣ” ಎಂದು ಹಟ ಹಿಡಿದವಳನ್ನು ಕಡಲೆಕಾಯಿ ಕೊಡಿಸಿ ಸಮಾಧಾನ ಮಾಡಬೇಕಾಯಿತು. ಅಂದಿನಿಂದ ತಿಂಗಳಿಗೆರಡು ಭಾನುವಾರ ಹೋಗುತ್ತಿದ್ದೇವೆ. ಅವನು ಶೂ ಲೇಸು ಕಟ್ಟಿಕೊಳ್ಳಲು ಕೂರುತ್ತಿದ್ದ ಕಟ್ಟೆ ಎದುರಾದಾಗ ಈಗಲೂ ಹೆಜ್ಜೆ ನಿಧಾನವಾಗುತ್ತದೆ, ಅಷ್ಟರಲ್ಲಿ ಮೇಲಿನಿಂದ ಅವಳು “ಮುನ್ನೂರ ಹನ್ನೆರಡು!” ಎಂದು ಕೂಗುತ್ತಾಳೆ, ಉತ್ತರ ಕೊಡದಿದ್ದರೆ ಮತ್ತೆ ಲೆಕ್ಕ ತಪ್ಪುತ್ತದೆಂದು ನಾನೂ ಕೂಗುತ್ತೇನೆ.