ಬಿಟ್ಟುಹೋದ ಬಾಡಿಗೆದಾರರ ಬಗ್ಗೆ ಇನ್ನೊಬ್ಬ ಓನರ್ ಫೋನ್ ಮಾಡಿದರೆ ಏನು ಹೇಳಬೇಕು?

ಸಂಜೆ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. "ಇವರು ನಿಮ್ಮ ಮನೇಲಿದ್ರಂತಲ್ಲ, ಹೇಗೆ ಜನ?" ಶಿವಮೊಗ್ಗದ ಗೋಪಾಳದಲ್ಲೋ ವಿನೋಬನಗರದಲ್ಲೋ ತಾವಿರುವ ಮನೆಯ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರಿಗೆಲ್ಲ ಈ ಫೋನ್ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಾವು ಏನು ಮಾಡುತ್ತೇವೆ? "ಪರವಾಗಿಲ್ಲ ಸಾರ್, ಒಳ್ಳೇ ಜನಾನೇ" ಅಂದು ಇಟ್ಟುಬಿಡುತ್ತೇವೆ. ಆ ಕಡೆಯವರಿಗೆ ಏನೂ ತಿಳಿಯಲಿಲ್ಲ. ನಿಜವಾಗಿ ಚೆನ್ನಾಗಿದ್ದ ಬಾಡಿಗೆದಾರರಿಗೂ ಅದರಿಂದ ಉಪಯೋಗವಾಗಲಿಲ್ಲ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷದ ಹಿಂದೆ ಒಂದು ಸಂಸಾರ ಮನೆ ಕೇಳಿಕೊಂಡು ಬಂತು. ಅವರ ಆಗಿನ ಓನರ್‌ಗೆ ಫೋನ್ ಮಾಡಿದೆ. "ಚಿನ್ನದಂಥ ಜನ, ನಮಗೇ ಬಿಡೋಕೆ ಮನಸ್ಸಿಲ್ಲ" ಅಂದರು. ನಾಲ್ಕನೇ ತಿಂಗಳಿಗೆ ಬಾಡಿಗೆ ನಿಂತಿತು. ಆಮೇಲೆ ಗೊತ್ತಾಯಿತು, ಅಲ್ಲೂ ಏಳು ತಿಂಗಳ ಬಾಕಿ ಇತ್ತು, ಹೇಗಾದರೂ ಖಾಲಿ ಮಾಡಿಸಬೇಕಿತ್ತು, ಅದಕ್ಕೇ ಆ ಪುಣ್ಯಾತ್ಮರು ಹೊಗಳಿ ಹೊಗಳಿ ನನ್ನ ಮನೆಗೆ ದಾಟಿಸಿದ್ದರು. ಹಾಗಾಗಿ ವಿಚಾರಿಸುವವರಿಗೆ ಒಂದು ಮಾತು: ಈಗಿನ ಓನರ್ ಹೇಳಿದ್ದಕ್ಕಿಂತ ಅದಕ್ಕೂ ಹಿಂದಿನ ಓನರ್ ಹೇಳಿದ್ದನ್ನು ಜಾಸ್ತಿ ನಂಬಿ. ಹಿಂದಿನವರಿಗೆ ಯಾರನ್ನೂ ಕಳಿಸಬೇಕಾಗಿಲ್ಲ, ಉಳಿಸಿಕೊಳ್ಳಬೇಕಾಗಿಯೂ ಇಲ್ಲ. ಉಳಿಸಿಕೊಳ್ಳುವ ಆಸೆಗೆ ಒಳ್ಳೆಯವರನ್ನು ಕೆಟ್ಟವರು ಅನ್ನುವವರೂ ಇದ್ದಾರೆ ಮತ್ತೆ.

ಈಗ ಹೇಳುವವರ ಕಡೆಗೆ ಬರೋಣ. ಮೊದಲು ಬೇಕಾದದ್ದು ಒಂದು ನೋಟ್‌ಬುಕ್. ಹಳೇ ಡೈರಿ ಆದರೂ ಸಾಕು. ಪ್ರತಿ ತಿಂಗಳು ಬಾಡಿಗೆ ಬಂದ ತಾರೀಖು ಬರೆದಿಡಿ, ಅಷ್ಟೇ. ಫೋನ್‌ಪೇ, ಗೂಗಲ್‌ಪೇ ಮಾಡುವವರಾದರೆ ಆ ಕೆಲಸವೂ ಇಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೇ ಎಲ್ಲ ಇರುತ್ತದೆ. ಇದು ಯಾಕೆ ಅಂದರೆ ನಮ್ಮ ನೆನಪು ಬಹಳ ಮೋಸ ಮಾಡುತ್ತದೆ. ಕೊನೇ ತಿಂಗಳಲ್ಲಿ ಒಂದು ಜಗಳ ಆಗಿದ್ದರೆ ಮೂರು ವರ್ಷ ಸರಿಯಾಗಿ ಕಟ್ಟಿದ್ದೆಲ್ಲ ಮರೆತೇ ಹೋಗುತ್ತದೆ. ನನಗೂ ಹಾಗಾಗಿದೆ. "ಅವನು ಯಾವಾಗಲೂ ಲೇಟ್" ಅಂತ ಹೇಳುವವನಿದ್ದೆ, ಡೈರಿ ತೆಗೆದು ನೋಡಿದರೆ 26 ತಿಂಗಳಲ್ಲಿ ಲೇಟಾದದ್ದು ನಾಲ್ಕೇ ಸಲ!

ಹತ್ತಕ್ಕೆ ಮಾರ್ಕ್ಸ್ ಕೊಡುವುದಾದರೆ ನನ್ನ ಲೆಕ್ಕ ಹೀಗಿದೆ. ಬಾಡಿಗೆ ಕಟ್ಟಿದ್ದಕ್ಕೆ 4, ಬಿಟ್ಟುಹೋಗುವಾಗ ನಡೆದುಕೊಂಡದ್ದಕ್ಕೆ 3, ಮನೆ ನೋಡಿಕೊಂಡದ್ದಕ್ಕೆ 2, ಅಕ್ಕಪಕ್ಕದವರ ಜೊತೆ ಹೊಂದಿಕೊಂಡದ್ದಕ್ಕೆ 1. ಅಕ್ಕಪಕ್ಕಕ್ಕೆ ಒಂದೇ ಯಾಕೆ ಅಂದರೆ, ಪಕ್ಕದ ಮನೆಯವರ ದೂರಿನಲ್ಲಿ ಅರ್ಧ ಪಾರ್ಕಿಂಗ್ ಜಗಳ, ಇನ್ನರ್ಧ ಸುಮ್ನೆ ಹೊತ್ತು ಹೋಗದ್ದು.

ಬಾಡಿಗೆ ವಿಷಯದಲ್ಲಿ ತಾರೀಖು ಒಂದನ್ನೇ ನೋಡಬೇಡಿ. 5ನೇ ತಾರೀಖಿಗೆ ಕೊಡಬೇಕಾದವರು 3ನೇ ತಾರೀಖಿಗೇ ಬಂದು "ಸಾರ್, ಈ ತಿಂಗಳು ಸಂಬಳ ತಡ, 12ಕ್ಕೆ ಹಾಕ್ತೀನಿ" ಅಂದು, 12ಕ್ಕೆ ಹಾಕಿದರೆ ನಾನು ಒಂದು ಮಾರ್ಕೂ ಕಳೆಯುವುದಿಲ್ಲ. ಹೇಳದೆ ಕೇಳದೆ 8ಕ್ಕೆ ಹಾಕುವವರಿಗೆ ಕಾಲು ಮಾರ್ಕು ಕಳೆಯುತ್ತೇನೆ. ಮೂರು ಸಲ ಫೋನ್ ಮಾಡಿದರೂ ಎತ್ತದೆ, ಮೆಟ್ಟಿಲ ಮೇಲೆ ಸಿಕ್ಕಿದಾಗ "ಅಯ್ಯೋ ಮರ್ತೇ ಹೋಯ್ತು" ಅನ್ನುವವರಿಗೆ ಪೂರ್ತಿ ಒಂದು.

ಇನ್ನೊಂದು ನಮ್ಮ ಕಡೆಯ ವಿಶೇಷ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಓದೋಕೆ ಬಂದು ರೂಮ್ ಮಾಡುವ ಹುಡುಗರ ಅಪ್ಪಂದಿರಿಗೆ ತಿಂಗಳ ಸಂಬಳ ಇರುವುದಿಲ್ಲ. ಅಡಿಕೆ ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ ಕೈಗೆ ದುಡ್ಡು ಬರುತ್ತದೆ. ಮಳೆಗಾಲದ ತಿಂಗಳು ಸ್ವಲ್ಪ ಎಳೆದಾಡಿ, ಆಮೇಲೆ ಒಟ್ಟಿಗೆ ಐದಾರು ತಿಂಗಳದ್ದು ತಂದುಕೊಟ್ಟವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಸುಮ್ಮನೆ "ಲೇಟ್" ಅಂದರೆ ಅನ್ಯಾಯ. "ವರ್ಷಕ್ಕೆ ಎರಡು ಕಂತಲ್ಲಿ ಕೊಡ್ತಾರೆ, ಬಾಕಿ ಉಳಿಸಿಲ್ಲ" ಅಂತ ಹೇಳಿ. ಕೇಳಿದವರಿಗೆ ಅದು ಹೊಂದುತ್ತದೋ ಇಲ್ಲವೋ ಅವರು ನೋಡಿಕೊಳ್ಳುತ್ತಾರೆ.

ಮನೆ ನೋಡಿಕೊಂಡದ್ದಕ್ಕೆ ಮಾರ್ಕ್ಸ್ ಕೊಡುವಾಗ ಮಳೆಗಾಲವನ್ನು ಬಾಡಿಗೆದಾರರ ತಲೆಗೆ ಕಟ್ಟಬೇಡಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ, ಬಾಗಿಲು ಉಬ್ಬಿ ಚಿಲಕ ಕೂರುವುದಿಲ್ಲ, ಹೆಂಚಿನ ಮನೆಯಾದರೆ ಒಂದು ಕಡೆ ಸೋರಿಯೇ ಸೋರುತ್ತದೆ. ಇದು ಓನರ್ ಸರಿ ಮಾಡಿಸಬೇಕಾದ ಕೆಲಸ. ಸೋರುತ್ತಿದೆ ಅಂತ ಅವತ್ತೇ ಹೇಳಿದರಾ, ಇಲ್ಲ ದೀಪಾವಳಿ ತನಕ ಬಕೆಟ್ ಇಟ್ಟುಕೊಂಡು ಸುಮ್ಮನಿದ್ದರಾ, ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಮುರಿದ ಸಿಂಕ್, ಕಿತ್ತ ಸ್ವಿಚ್‌ಬೋರ್ಡ್, ಟೈಲ್ಸ್‌ಗೆ ಹೊಡೆದ ಮೊಳೆ, ಇವೆಲ್ಲ ಬೇರೆ. ಮನೆ ಕೊಡುವ ದಿನವೇ ಪ್ರತಿ ರೂಮಿನ ಫೋಟೋ ತೆಗೆದು ಇಬ್ಬರೂ ಇಟ್ಟುಕೊಂಡರೆ ಆಮೇಲೆ ವಾದವೇ ಇರುವುದಿಲ್ಲ.

ಬಿಟ್ಟುಹೋಗುವಾಗಿನ ನಡತೆಗೆ 3 ಅಂದೆನಲ್ಲ, ನಿಜವಾದ ಬಣ್ಣ ಗೊತ್ತಾಗುವುದೇ ಆಗ. ಅಗ್ರಿಮೆಂಟ್‌ನಲ್ಲಿ ಎಷ್ಟು ಮೊದಲು ಹೇಳಬೇಕು ಅಂತ ಇತ್ತೋ ಅಷ್ಟು ಮೊದಲು ಹೇಳಿದರಾ? ಕೊನೇ ಎರಡು ತಿಂಗಳು "ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ" ಅಂತ ತಾವೇ ತೀರ್ಮಾನ ಮಾಡಿದರಾ? ಕರೆಂಟ್ ಬಿಲ್ ಕಟ್ಟಿ ಹೋದರಾ? ಮೆಸ್ಕಾಂ ಬಾಕಿ ಇರುವುದು ಮೀಟರಿನ ಮೇಲೆ. ಜನ ಊರು ಬಿಟ್ಟರೂ ಬಾಕಿ ನಮ್ಮ ಗೋಡೆಯಲ್ಲೇ ನೇತಾಡುತ್ತಿರುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ ಬಂದು ಬಂದು ಯಾರೂ ಅದನ್ನು ತೆರೆದೇ ನೋಡುವುದಿಲ್ಲ, ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಜೊತೆಗೆ ಬಾಡಿಗೆದಾರರ ಆಧಾರ್ ನಮ್ಮ ಮೀಟರಿಗೆ ಜೋಡಣೆ ಆಗಿರುತ್ತದೆ. ಹೋಗುವಾಗ ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿ ಹೋಗದಿದ್ದರೆ ಮುಂದೆ ಬರುವವರಿಗೆ ತಲೆನೋವು. ನಾನು ಹೇಳುವ ಮೊದಲೇ ಬಿಡಿಸಿ ಮೆಸೇಜ್ ತೋರಿಸಿದ ಒಬ್ಬ ನರ್ಸ್ ಹುಡುಗಿಗೆ ನಾನು ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ.

ಆದರೆ ಅಡ್ವಾನ್ಸ್ ವಾಪಸ್ ಕೊಡಲು ನಾವೇ ಎರಡು ತಿಂಗಳು ಸತಾಯಿಸಿ, ಪೇಂಟಿಂಗ್ ಹೆಸರಲ್ಲಿ ಬೇಕಾದಷ್ಟು ಹಿಡಿದುಕೊಂಡು, ಅವರು ಕೂಗಾಡಿದರೆ ಅದಕ್ಕೆ ಮಾರ್ಕ್ಸ್ ಕಳೆಯುವ ಹಾಗಿಲ್ಲ. ಕಳೆಯಬೇಕಾದದ್ದು ನಮಗೆ.

ಏನು ಹೇಳಬಾರದು ಅನ್ನುವುದೂ ಅಷ್ಟೇ ಮುಖ್ಯ. "ಯಾವ ಜನ?" ಅಂತ ಕೇಳಿಯೇ ಕೇಳುತ್ತಾರೆ. ನೇರವಾಗಿ ಕೇಳದಿದ್ದರೆ "ಅಡುಗೆ ವಾಸನೆ ಏನಾದ್ರೂ..." ಅಂತ ಸುತ್ತಿ ಬಳಸಿ ಬರುತ್ತಾರೆ. ನಾನು "ಬಾಡಿಗೆ ವಿಷಯ ಕೇಳಿ, ಹೇಳ್ತೀನಿ" ಅಂದುಬಿಡುತ್ತೇನೆ. ಯಾರು ಮನೆಗೆ ಬರುತ್ತಿದ್ದರು, ಗಂಡ ಹೆಂಡತಿ ಹೇಗಿದ್ದರು, ರಾತ್ರಿ ಎಷ್ಟು ಹೊತ್ತಿಗೆ ಬರುತ್ತಿದ್ದರು, ಇದ್ಯಾವುದೂ ಬಾಡಿಗೆಗೆ ಸಂಬಂಧವಿಲ್ಲ. ಅವರ ಆಧಾರ್ ಕಾಪಿಯನ್ನು ಇನ್ನೊಬ್ಬರಿಗೆ ವಾಟ್ಸಾಪ್ ಮಾಡುವುದಂತೂ ಬೇಡವೇ ಬೇಡ. ಬೇಕಿದ್ದರೆ ಹೊಸ ಓನರ್ ಅವರನ್ನೇ ಕೇಳಲಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಲಿ.

ಕೆಟ್ಟದ್ದು ಹೇಳಲು ಹೆದರುವವರಿಗೆ ಒಂದು ವಿಷಯ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯದ್ದು. ಒಳ್ಳೇ ಉದ್ದೇಶದಿಂದ, ಕೇಳಿದವರ ಹಿತಕ್ಕಾಗಿ ಎಚ್ಚರಿಕೆ ಹೇಳಿದರೆ ಅದರಲ್ಲೇ ವಿನಾಯಿತಿ ಇದೆ. ಆದರೆ ಕೇಳಿದ ಒಬ್ಬರಿಗೆ ತಾರೀಖು ಸಮೇತ ಹೇಳುವುದು ಬೇರೆ, ಬಡಾವಣೆಯ ಗ್ರೂಪಿನಲ್ಲಿ ಫೋಟೋ ಹಾಕಿ "ಇವನಿಗೆ ಮನೆ ಕೊಡಬೇಡಿ" ಅನ್ನುವುದು ಬೇರೆ. ಎರಡನೆಯದರ ಸಹವಾಸ ಬೇಡ.

ನಾನು ಈಚೆಗೆ ಹೀಗೆ ಬರೆದು ಕಳಿಸುತ್ತೇನೆ: "ನಮ್ಮ ಮನೆಯಲ್ಲಿ 33 ತಿಂಗಳಿದ್ದರು. ಹನ್ನೊಂದು ತಿಂಗಳ ಅಗ್ರಿಮೆಂಟ್ ಎರಡು ಸಲ ರಿನ್ಯೂ ಮಾಡಿದ್ದೆವು. ಬಾಡಿಗೆ ಐದು ಸಲ ತಡ, ಐದೂ ಸಲ ಮೊದಲೇ ಹೇಳಿದ್ದರು. ಬಿಲ್ ಬಾಕಿ ಇಲ್ಲ. ಬಾತ್‌ರೂಮ್ ಬಾಗಿಲು ಹಾಳಾಗಿತ್ತು, ಅಡ್ವಾನ್ಸ್‌ನಲ್ಲಿ ಕಳೆದುಕೊಂಡಿದ್ದೇವೆ. ಹತ್ತಕ್ಕೆ ಎಂಟು. ಮತ್ತೆ ಬಂದರೆ ಮನೆ ಕೊಡುತ್ತೇನೆ." ಇದನ್ನೇ ಬಾಡಿಗೆದಾರರಿಗೂ ತೋರಿಸುತ್ತೇನೆ. ಅವರಿಗೆ ತೋರಿಸಲು ಮುಜುಗರ ಆಗುವ ಸಾಲು ಇದ್ದರೆ ಒಂದು ಸಲ ಡೈರಿ ನೋಡಿ ಬನ್ನಿ.

ಮೊದಲ ಸಲ ಮನೆ ಮಾಡುವವರಿಗೆ ಹಿಂದಿನ ಓನರೇ ಇರುವುದಿಲ್ಲ. ಅವರಿಗೆ ಸೊನ್ನೆ ಕೊಡಬೇಡಿ. ಹಾಸ್ಟೆಲ್ ವಾರ್ಡನ್‌ನ್ನೋ ಪಿಜಿಯವರನ್ನೋ ಕೇಳಿ. ಸಿಬಿಲ್ ಸ್ಕೋರ್ ತೋರಿಸಿ ಅನ್ನುವವರೂ ಈಗ ಹುಟ್ಟಿಕೊಂಡಿದ್ದಾರೆ. ಅದು 300ರಿಂದ 900ರವರೆಗಿನ ಒಂದು ಸಂಖ್ಯೆ, ಸಾಲ ಹೇಗೆ ತೀರಿಸಿದರು ಅನ್ನುವುದರ ಲೆಕ್ಕ. ಸಾಲವನ್ನೇ ಮಾಡದ ಹುಡುಗನ ಬಗ್ಗೆ ಅದು ಏನು ಹೇಳುತ್ತದೆ?

ಕೆಲವರು ಗೆಳೆಯನ ನಂಬರ್ ಕೊಟ್ಟು "ಇವರೇ ನಮ್ಮ ಹಳೇ ಓನರ್" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಒಂದೇ ಪ್ರಶ್ನೆ ಇದೆ: "ಟ್ಯಾಂಕಿನ ಮೋಟರ್ ಸ್ವಿಚ್ ಎಲ್ಲಿದೆ ಸಾರ್?" ಮನೆ ಕಟ್ಟಿದವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಹೋದ ವರ್ಷ ಒಬ್ಬರಿಗೆ ಕೇಳಿದೆ. "ಒಂದ್ನಿಮಿಷ ಲೈನಲ್ಲಿರಿ" ಅಂದರು. ಆಮೇಲೆ ಆ ನಂಬರ್ ಸ್ವಿಚ್ ಆಫ್.