ಕಪ್ಪು ಪ್ರಿಂಟು, ಬಣ್ಣದ ಹಾಳೆ: ಸಂಕ್ರಮಣದ ಪಾಕೀಟು, ದಸರೆಯ ಬನ್ನಿ ಕಾರ್ಡು

ಹಬ್ಬದ ಕಾರ್ಡನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿದರೆ ಅದು ಎಂದೂ ಅಗ್ಗವಾಗುವುದಿಲ್ಲ. ಬಣ್ಣ ಹಾಳೆಯಲ್ಲಿರಬೇಕು, ಪ್ರಿಂಟು ಬರೀ ಕಪ್ಪಿನಲ್ಲಿರಬೇಕು. ಬಾಗಲಕೋಟೆಯ ನವನಗರದಲ್ಲಿ ನಾನು ಸಂಕ್ರಮಣಕ್ಕೆ ಕುಸುರೆಳ್ಳು (ಸಕ್ಕರೆ ಲೇಪಿಸಿದ ಎಳ್ಳು) ಹಂಚುವ ಪಾಕೀಟು, ದಸರೆಗೆ ಬನ್ನಿ ಸಿಗಿಸಿ ಕೊಡುವ ಕಾರ್ಡು ಎರಡನ್ನೂ ಮಾಡುವುದು ಹೀಗೇ. ಬಣ್ಣದ ಪ್ರಿಂಟಿಗೆ ಹಾಳೆಗೆ 10 ರೂಪಾಯಿ ಬೀಳುವ ಅಂಗಡಿಯಲ್ಲೇ ಕಪ್ಪಿಗೆ 2 ರೂಪಾಯಿ. ಬಣ್ಣದ ಹಾಳೆಗೆ 3 ಸೇರಿದರೂ 5 ಆಯಿತು. ಒಂದು ಎ4 ಹಾಳೆಯಲ್ಲಿ ಎರಡು ಪಾಕೀಟು ಬರುತ್ತವೆ, ಒಂದಕ್ಕೆ ಎರಡೂವರೆ ರೂಪಾಯಿ. 40 ಪಾಕೀಟಿಗೆ 20 ಹಾಳೆ ಸಾಕು. ಕೆಡುವುದಕ್ಕೆಂದು ಇನ್ನೆರಡು ಹಾಳೆ ಹೆಚ್ಚಿಗೆ ತರಬೇಕು.

ಒಂದೇ ಬಣ್ಣದಲ್ಲಿ ಚೆಂದ ಕಾಣುವ ಚಿತ್ರ ಯಾವುದು ಎಂದು ಎಲ್ಲೂ ಹುಡುಕಬೇಕಾಗಿಲ್ಲ, ನಮ್ಮ ಇಳಕಲ್ ಸೀರೆಯ ಮೇಲಿನ ಕಸೂತಿಯೇ ಇದೆ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಅದರಲ್ಲಿ ದುಂಡು ಗೆರೆ ಇಲ್ಲ. ಅಡ್ಡ, ಉದ್ದ, ಓರೆ ಗೆರೆಗಳಷ್ಟೇ. ಹಾಗಾಗಿ ಚಿತ್ರ ಬರೆಯಲು ಬಾರದವರೂ ಚೌಕುಳಿ ಹಾಳೆಯ ಮೇಲೆ ಹಾಕಬಹುದು. ನಾನು ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ಕಾಲಮ್ಮಿನ ಅಗಲ, ಸಾಲಿನ ಎತ್ತರ ಎರಡನ್ನೂ 4 ಮಿ.ಮೀ. ಇಟ್ಟುಕೊಳ್ಳುತ್ತೇನೆ. ಹೀಗಾದ ಒಂದೊಂದು ಚೌಕದ ಮನೆಗೆ ಬಾರ್ಡರ್ ಹಾಕಿದರೆ ಅದೇ ಹೊಲಿಗೆ. ಕಸೂತಿಯ ಹೊಲಿಗೆಗಳಲ್ಲಿ ಗವಂತಿಗೆ ನೇರ ಗೆರೆ, ಮುರಗಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೆರೆ, ಮೆಂತಿಗೆ ಎರಡೂ ಓರೆ ಬಾರ್ಡರ್ ಸೇರಿದ ಗುಣಾಕಾರ ಗುರುತು. ನೇಗಿ ಮಾತ್ರ ಈ 4 ಮಿ.ಮೀ. ಮನೆಯಲ್ಲಿ ಸರಿ ಕೂಡುವುದಿಲ್ಲ, ನೇಯ್ಗೆಯಂತೆ ಒತ್ತಾಗಿ ಕಾಣಲು ಅದಕ್ಕೆ ಇನ್ನೂ ಸಣ್ಣ ಮನೆ ಬೇಕು.

ಪಾಕೀಟಿನ ಮುಖ 100 ಮಿ.ಮೀ. ಚೌಕ, ಅಂದರೆ 25 ಮನೆ. ಮಡಿಕೆಯ ಹತ್ತಿರ ಎರಡೂ ಕಡೆ ಒಂದೊಂದು ಮನೆ ಖಾಲಿ ಬಿಟ್ಟರೆ 23 ಉಳಿಯುತ್ತದೆ. ನಾನು ಹಾಕುವ ಚಿತ್ರ ಕಸೂತಿಯ ಗೋಪುರ; ಅದನ್ನು ತಳದಲ್ಲಿ 23 ಮನೆಯಿಂದ ಶುರುಮಾಡಿ, ಪ್ರತಿ ಸಾಲಿಗೆ ಎರಡೂ ಬದಿ ಒಂದೊಂದು ಮನೆ ಕಡಿಮೆ ಮಾಡುತ್ತ ಹೋದರೆ 12ನೇ ಸಾಲಿಗೆ ಒಂದೇ ಮನೆ ಉಳಿದು ಕಳಸವಾಗುತ್ತದೆ. ತಳದ ಮನೆಗಳ ಸಂಖ್ಯೆ ಬೆಸವೇ ಇರಬೇಕು. ಸಮ ಇಟ್ಟರೆ ತುದಿಯಲ್ಲಿ ಎರಡು ಮನೆ ಉಳಿದು ಗೋಪುರ ಮೊಂಡಾಗುತ್ತದೆ. ಗೆರೆ ಒಂದೂವರೆ ಪಾಯಿಂಟ್ ಇರಲಿ. ಅರ್ಧ ಪಾಯಿಂಟಿನದು ಝೆರಾಕ್ಸ್‌ನಲ್ಲಿ ಹರಿದು ಹರಿದು ಬರುತ್ತದೆ. ಬೂದು ಬಣ್ಣ ಬೇಡವೇ ಬೇಡ, ಲೇಸರ್ ಅದನ್ನು ಚುಕ್ಕಿಗಳಾಗಿ ಒಡೆಯುತ್ತದೆ. ಚಂದ್ರಕಾಳಿ ಸೀರೆಯ ಹಾಗೆ ಕಪ್ಪಿನ ಮೇಲೆ ಬಿಳಿ ಎಳೆ ಮಾಡುವ ಆಸೆ ನನಗೂ ಇತ್ತು. ಆದರೆ ದೊಡ್ಡ ಕಪ್ಪು ಜಾಗ ಎಲ್ಲಿ ಬಂದರೂ ಟೋನರ್ ಪಟ್ಟೆ ಪಟ್ಟೆಯಾಗಿ ಕೂರುತ್ತದೆ, ಮಡಚಿದ ಕಡೆ ಸಿಪ್ಪೆಯಂತೆ ಏಳುತ್ತದೆ. ಟೋನರ್ ಹಾಳೆಯೊಳಗೆ ಇಂಗುವುದಿಲ್ಲ, ಕಾಯಿಸಿ ಮೇಲೆ ಕೂರಿಸಿದ ಪ್ಲಾಸ್ಟಿಕ್ ಪುಡಿ ಅದು. ಮಡಿಕೆಯ ಬಳಿ ಮನೆ ಖಾಲಿ ಬಿಡುವುದು ಅದಕ್ಕೇ.

ಹಾಳೆ 100 ಜಿಎಸ್‌ಎಂನ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ಲೆಕ್ಕ) ಅರಿಶಿನ, ತಿಳಿ ಗುಲಾಬಿ ಅಥವಾ ಗಿಳಿ ಹಸಿರು. ಕಡುಗೆಂಪಿನ ಮೇಲೆ ಕಪ್ಪು ಕಾಣುವುದಿಲ್ಲ. ಇಳಕಲ್ ದಡಿಯ ಕೆಂಪು ಬೇಕೆನಿಸಿದರೆ ಕೆಂಪು ಗ್ಲೇಜ್ ಪೇಪರಿನ 1 ಸೆಂ.ಮೀ. ಪಟ್ಟಿಯನ್ನು ಗೋಪುರದ ಕೆಳಗೆ ಅಂಟಿಸಿದರೆ ಆಯಿತು.

ಅಕ್ಷರದ ಗೋಳು ಬೇರೆಯೇ ಇದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು, ಆ ಫಾಂಟ್ ಇಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ಅಡ್ಡಾದಿಡ್ಡಿ ಚಿಹ್ನೆಗಳಾಗುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಹಚ್ಚಿ, ಪಿಡಿಎಫ್ ಮಾಡಿಕೊಂಡೇ ಹೋಗಬೇಕು. ಪಿಡಿಎಫ್ ತೆರೆದು ‘ಸಂಕ್ರಾಂತಿ’, ‘ಹಾರ್ದಿಕ’ ಎಂಬ ಎರಡು ಪದ ನೋಡಿದರೆ ಸಾಕು, ಕೆಡುವುದಿದ್ದರೆ ಒತ್ತಕ್ಷರ, ಅರ್ಕಾವೊತ್ತಿನಲ್ಲೇ ಮೊದಲು ಕೆಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಆಗಿ ಕಳಿಸಬಾರದು, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೋಟೊ ಆದರೆ ಗೆರೆಯ ಅಂಚು ಮಸುಕಾಗುತ್ತದೆ.

ಈಗ ಅಳತೆ. ಎ4 ಹಾಳೆ 210 × 297 ಮಿ.ಮೀ. ಅಡ್ಡಕ್ಕೆ ಕತ್ತರಿಸಿದರೆ 210 × 148ರ ಎರಡು ತುಂಡು. 210ನ್ನು ಎಡದಿಂದ 10, 100, 100 ಎಂದು ಭಾಗ ಮಾಡಬೇಕು: ಅಂಟಿನ ಪಟ್ಟಿ, ಮುಖ, ಬೆನ್ನು. ಎತ್ತರದ 148ನ್ನು ಮೇಲಿನಿಂದ 28, 100, 20: ಮುಚ್ಚಳ, ಮುಖ, ತಳ. ಪ್ರಿಂಟರ್ ಅಂಚಿನ ಸುಮಾರು 5 ಮಿ.ಮೀ. ಬಿಟ್ಟೇ ಒತ್ತುತ್ತದೆ. ಆ ಅಂಚು ಪಟ್ಟಿ, ಬೆನ್ನು, ಮುಚ್ಚಳ, ತಳಗಳಿಗೇ ಬೀಳುವುದರಿಂದ ಮುಖದ ಚಿತ್ರಕ್ಕೆ ತೊಂದರೆ ಇಲ್ಲ. ಬೆನ್ನಿನ ಕೆಳಗಿನ 20 ಮಿ.ಮೀ. ಪಟ್ಟಿ ಹೇಗೂ ಕತ್ತರಿಸಿ ಬಿಸಾಡುವ ಜಾಗ, ಅಲ್ಲಿ 80 ಮಿ.ಮೀ. ಉದ್ದದ ಒಂದು ಗೆರೆ ಹಾಕಿಡುತ್ತೇನೆ. ಮೊದಲ ಪ್ರತಿ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಬೇಕು. 76–77 ಬಂದರೆ ಅಂಗಡಿಯವರು ‘ಫಿಟ್ ಟು ಪೇಜ್’ ಇಟ್ಟಿದ್ದಾರೆ ಎಂದರ್ಥ. “ಅಣ್ಣಾರ, ಆಕ್ಚುವಲ್ ಸೈಜ್ ಇಡ್ರಿ” ಅಂದು ಸರಿಮಾಡಿಸಿ, ಆಮೇಲೆ ಉಳಿದ ಹಾಳೆ ಹಾಕಿಸಬೇಕು.

ಮಡಿಸುವ ಮೊದಲು ಗೀರಬೇಕು. ಶಾಯಿ ಮುಗಿದ ಬಾಲ್ ಪೆನ್ನು, ಸ್ಟೀಲ್ ಸ್ಕೇಲು, ಕೆಳಗೊಂದು ಹಳೆಯ ಮಾಸಿಕ. ಪ್ರಿಂಟಾದ ಮೇಲ್ಮೈಯಲ್ಲೇ ಗೀರಿ, ಗೀರು ಹೊರಗಡೆ ಉಳಿಯುವ ಹಾಗೆ ಹಿಂದಕ್ಕೆ ಮಡಿಸಬೇಕು. ಬೆನ್ನಿನ ಮತ್ತು ಅಂಟಿನ ಪಟ್ಟಿಯ ಕೆಳಗಿನ 20 ಮಿ.ಮೀ., ಮೇಲಿನ 28 ಮಿ.ಮೀ. ಭಾಗಗಳನ್ನು ಅಂಟಿಸುವ ಮೊದಲೇ ಕತ್ತರಿಸಿ ತೆಗೆಯಬೇಕು. ತೆಗೆಯದಿದ್ದರೆ ತಳದಲ್ಲಿ ಎರಡು ಪದರ ಕೂಡಿ, ಅಂಟು ಒಣಗುವ ಮೊದಲೇ ಮಡಿಕೆ ಎದ್ದು ನಿಲ್ಲುತ್ತದೆ. ಫೆವಿಕಾಲನ್ನು ಬೆರಳಿನಿಂದ ತೆಳ್ಳಗೆ ಎಳೆದು ಹಚ್ಚಿ, ಹತ್ತು ಪಾಕೀಟು ಕೂಡಿಸಿ ದಪ್ಪ ಪುಸ್ತಕದ ಕೆಳಗೆ ಇಡುತ್ತೇನೆ. ಮನೆಯ ಇಂಕ್‌ಜೆಟ್ ಪ್ರಿಂಟಾದರೆ ಫೆವಿಕಾಲಿನ ನೀರಿಗೆ ಶಾಯಿ ಕದಡುತ್ತದೆ, ಅಲ್ಲಿ ಗ್ಲೂ ಸ್ಟಿಕ್ ವಾಸಿ. ಮೈದಾ ಅಂಟು ಅಗ್ಗ ನಿಜ, ಆದರೆ ಸಕ್ಕರೆ ತುಂಬುವ ಪಾಕೀಟಿಗೆ ಅದನ್ನೂ ಹಚ್ಚಿ ಇರುವೆಗೆ ಇನ್ನೊಂದು ದಾರಿ ಮಾಡಿಕೊಡುವುದು ಬೇಡ.

ಒಂದರಲ್ಲಿ 30 ಗ್ರಾಂ ಹಿಡಿಯುತ್ತದೆ. ಬರೀ ಕುಸುರೆಳ್ಳಾದರೆ ಕಲೆಯ ಭಯವಿಲ್ಲ. ಹುರಿದ ಶೇಂಗಾ, ಒಣಕೊಬ್ಬರಿ, ಎಳ್ಳು ಕೂಡಿದ್ದರೆ ಒಂದೇ ರಾತ್ರಿಯಲ್ಲಿ ಎಣ್ಣೆ ಹೊರಗೆ ಬಂದು ಗೋಪುರದ ಸುತ್ತ ಕಪ್ಪು ಕಲೆ ಮೂಡುತ್ತದೆ. ಒಳಗೆ ಬಟರ್ ಪೇಪರ್ ಪೊಟ್ಟಣ ಕಟ್ಟಿಯೇ ಹಾಕಬೇಕು. ಪ್ರಿಂಟಾದ ಕಾಗದ ತಿನಿಸಿಗೆ ತಾಗಬಾರದು ಎಂಬುದೂ ಮುಖ್ಯ. ಸುದ್ದಿಪತ್ರಿಕೆಯಲ್ಲಿ ತಿನಿಸು ಕಟ್ಟಬೇಡಿ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಲ್ಲೇ ಎಚ್ಚರಿಸಿದ್ದು ಶಾಯಿಯ ಕಾರಣಕ್ಕೇ.

ದಸರೆಯ ಬನ್ನಿ ಕಾರ್ಡಿಗೆ 180 ಜಿಎಸ್‌ಎಂ ಹಾಳೆ ಬೇಕು. ಮನೆಯ ಸಣ್ಣ ಲೇಸರ್ ಪ್ರಿಂಟರುಗಳು ಇಷ್ಟು ದಪ್ಪವನ್ನು ಸಾಮಾನ್ಯವಾಗಿ ಎಳೆಯುವುದಿಲ್ಲ, ಅಂಗಡಿಯ ಮಷೀನೇ ಸರಿ. ಪೇಪರ್ ಟೈಪ್ ‘ಥಿಕ್’ ಇಡಲು ಹೇಳಬೇಕು. ‘ಪ್ಲೇನ್’ ಇದ್ದರೆ ಕಾವು ಸಾಲದೆ, ಹೆಬ್ಬೆರಳಿನಿಂದ ಉಜ್ಜಿದರೆ ಅಕ್ಷರವೇ ಉದುರುತ್ತದೆ. ಒಂದು ಎ4ನಲ್ಲಿ 105 × 148ರ ನಾಲ್ಕು ತುಂಡು. ಇದನ್ನು ಅಡ್ಡಕ್ಕೆ ಮಡಿಸಿದರೆ ಬೆನ್ನು ಬಿರಿಯುತ್ತದೆ, ಯಾಕೆಂದರೆ ಎ4 ಹಾಳೆಯ ನಾರು ಬಹುಮಟ್ಟಿಗೆ ಉದ್ದಕ್ಕೇ ಇರುತ್ತದೆ. ಉದ್ದಕ್ಕೆ ಮಡಿಸಿ, 52 × 148ರ ನೀಳ ಕಾರ್ಡು ಆಗುತ್ತದೆ, ಬನ್ನಿ ಕಡ್ಡಿಗೂ ಈ ಆಕಾರವೇ ಹೊಂದುತ್ತದೆ. ಮುಂದಿನ ಮುಖದಲ್ಲಿ 15 ಮಿ.ಮೀ. ಅಗಲದ ಎರಡು ಸೀಳು, ನಡುವೆ 20 ಮಿ.ಮೀ. ಅಂತರ. ಒಳಗೆ “ಬಂಗಾರ ತಗೊಂಡು ಬಂಗಾರದಂಗ ಇರೋಣ” ಎಂಬ ಒಂದೇ ಸಾಲು ಸಾಕು.

ಕಾರ್ಡುಗಳನ್ನು ವಾರದ ಮೊದಲೇ ಮಾಡಿಟ್ಟರೂ ನಡೆಯುತ್ತದೆ. ಬನ್ನಿಯನ್ನು ಮಾತ್ರ ವಿಜಯದಶಮಿಯ ಸಂಜೆ, ಕೊಡಲು ಹೊರಡುವ ಹೊತ್ತಿಗೇ ಸಿಗಿಸಬೇಕು. ಹಿಂದಿನ ದಿನವೇ ಸಿಗಿಸಿದರೆ ಆ ಸಣ್ಣ ಎಲೆಗಳೆಲ್ಲ ಒಣಗಿ ಉದುರಿ, ಸೀಳಿನಲ್ಲಿ ಕಡ್ಡಿಯಷ್ಟೇ ಉಳಿದಿರುತ್ತದೆ.